ಕರಿಯನ ಕಿವಿಗೆ 28 ಕಿಲೋ

ತಂಗಿಯ ಸಂಸಾರ ಜರ್ಮನಿಗೆ ಹೊರಟು ನಿಂತಾಗ ಅವರ ನಾಯಿ ಕರಿಯನ ಅಳತೆ ತೆಗೆಯುವ ಕೆಲಸ ನನ್ನ ತಲೆಗೆ ಬಿತ್ತು. ವಿಜಯನಗರದ ಅವರ ಅಡುಗೆಮನೆಯ ನೆಲದ ಮೇಲೆ ಟೈಲರ್ ಟೇಪು ಹಿಡಿದು ಕೂತೆ. ತಂಗಿಯ ಮಗಳು ಎದುರಿಗೆ ರಸ್ಕ್ ಹಿಡಿದು ನಿಂತಳು. ಕರಿಯ ಅಪ್ಪಟ ಬೀದಿ ತಳಿ. 20 ಕಿಲೋ ತೂಕ, ಎರಡೂ ಕಿವಿ ಸದಾ ನೆಟ್ಟಗೆ. ಟೇಪು ಬಾಲದ ಬುಡಕ್ಕೆ ತಾಗಿದ್ದೇ ತಡ, ತಿರುಗಿ ನನ್ನ ಕೈ ನೆಕ್ಕುತ್ತಿದ್ದ. ನಾಲ್ಕು ಅಳತೆಗೆ ಮುಕ್ಕಾಲು ಗಂಟೆ ಹಿಡಿಯಿತು.

ಈ ಅಳತೆಯನ್ನು ಯಾರೋ ಸುಮ್ನೆ ಕೇಳುವುದಲ್ಲ. ಜೀವಂತ ಪ್ರಾಣಿಗಳನ್ನು ವಿಮಾನದಲ್ಲಿ ಸಾಗಿಸಲು ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಒಂದು ನಿಯಮಪುಸ್ತಕ ಇಟ್ಟಿದೆ. ಅದರ ಪ್ರಕಾರ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಬೇಕು. ಅದು ಪ್ರಾಣಿಯನ್ನು ಇಟ್ಟು ಕಳಿಸುವ ಪೆಟ್ಟಿಗೆಯ, ಅಂದರೆ ಕ್ರೇಟಿನ ಉದ್ದ. ಭುಜದ ಅಗಲದ ಎರಡರಷ್ಟು ಕ್ರೇಟಿನ ಅಗಲ. ಎತ್ತರದಲ್ಲಿ ಮಾತ್ರ ಒಂದು ಕೊಕ್ಕೆ ಇದೆ. ನಿಂತಾಗ ತಲೆಯ ಎತ್ತರವೋ ಕಿವಿ ತುದಿಯ ಎತ್ತರವೋ, ಯಾವುದು ಜಾಸ್ತಿಯೋ ಅದನ್ನು ತಗೊಂಡು, ಮೇಲೆ ಹಾಸಿಗೆಯ ದಪ್ಪ ಸೇರಿಸಬೇಕು. ಕರಿಯನಿಗೆ ಬಂದ ಲೆಕ್ಕ 90 ಸೆಂ.ಮೀ. ಉದ್ದ, 40 ಅಗಲ, 71 ಎತ್ತರ.

ಪ್ರಾಣಿ ಸಾಗಣೆಯ ಏಜೆಂಟ್ ತೋರಿಸಿದ್ದು 36 ಇಂಚಿನ ಕ್ರೇಟ್. ಉದ್ದ, ಅಗಲ ಎರಡೂ ಸರಿ, ಎತ್ತರ ಮಾತ್ರ 66 ಸೆಂ.ಮೀ. "ಕಿವಿ ತಾನೇ ಸಾರ್, ಮಡಚ್ಕೊಳ್ಳುತ್ತೆ ಬಿಡಿ" ಅಂದ. ನಮಗೆ ಸಿಟ್ಟು ಬಂತು. ಆಮೇಲೆ ಬಿಲ್ಲಿನ ಲೆಕ್ಕ ಹಾಕಿದಾಗ ಅವನ ಮಾತಿನ ಮರ್ಮ ತಿಳಿಯಿತು.

ಏರ್ ಕಾರ್ಗೋದಲ್ಲಿ ತೂಕ ಎರಡು ಥರ. ತಕ್ಕಡಿ ಹೇಳುವ ತೂಕ ಒಂದು, ಜಾಗ ಹೇಳುವ ತೂಕ ಇನ್ನೊಂದು. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 36 ಇಂಚಿನ ಕ್ರೇಟಿಗೆ ಇದು 61 ಕಿಲೋ ಆಗುತ್ತದೆ. ಅದರ ಮೇಲಿನ ಸೈಜು 40 ಇಂಚಿನದು. ಅದು 102, 69, 76 ಸೆಂ.ಮೀ. ಇರುತ್ತದೆ, ಲೆಕ್ಕ 89 ಕಿಲೋಗೆ ಏರುತ್ತದೆ. ನಾಯಿ, ಕ್ರೇಟ್ ಎರಡೂ ಸೇರಿ ತಕ್ಕಡಿಯಲ್ಲಿ 33 ಕಿಲೋ. ಅಂದರೆ ಕರಿಯ ಕಿವಿ ನೆಟ್ಟಗೆ ಇಟ್ಟುಕೊಂಡು ಹೋಗುವುದಕ್ಕೆ ನಾವು 28 ಕಿಲೋ ಜಾಸ್ತಿ ಕೊಟ್ಟೆವು!

ಪ್ರಾಣಿಗಳ ವಿಮಾನಯಾನ ಸುಧಾರಿಸಬೇಕು ಅಂದ ತಕ್ಷಣ ಜನ ಮೆತ್ತನೆ ಹಾಸಿಗೆ, ಕ್ಯಾಮೆರಾ, ಏಸಿ ಪೆಟ್ಟಿಗೆ ಅನ್ನುತ್ತಾರೆ. ನನಗೆ ಮೊದಲು ಕಂಡ ದೋಷ ಈ ಬಿಲ್ಲಿನಲ್ಲಿದೆ. ನಾಯಿ ನಿಲ್ಲುವ, ತಿರುಗುವ, ಕಾಲು ಚಾಚುವ ಜಾಗ ಕಡಿಮೆ ಮಾಡಿದಷ್ಟೂ ದುಡ್ಡು ಉಳಿಯುತ್ತದೆ. ಏಜೆಂಟ್ ಕೆಟ್ಟವನೇನಲ್ಲ. ಗಿರಾಕಿಗೆ ಉಳಿತಾಯ ತೋರಿಸುವುದು ಅವನ ಕಸುಬು. ಚಪ್ಪಟೆ ಮೂಗಿನ ತಳಿಗಳಿಗೆ, ಅಂದರೆ ಪಗ್, ಬುಲ್‌ಡಾಗ್, ಶಿಟ್ಜು, ಪರ್ಷಿಯನ್ ಬೆಕ್ಕುಗಳಿಗೆ, ಕ್ರೇಟ್ ಇನ್ನೂ ಶೇ. 10ರಷ್ಟು ದೊಡ್ಡದಿರಬೇಕು ಎಂದು ಐಎಟಿಎ ಹೇಳುತ್ತದೆ. ಮೂರೂ ಅಳತೆಯಲ್ಲಿ ಶೇ. 10 ಹಿಗ್ಗಿದರೆ ಜಾಗದ ಲೆಕ್ಕ ಶೇ. 33 ಹಿಗ್ಗುತ್ತದೆ. ಉಸಿರಾಟಕ್ಕೆ ಹೆಚ್ಚು ಕಷ್ಟಪಡುವ ನಾಯಿಗೇ ಹೆಚ್ಚು ದಂಡ.

ಇನ್ನು ವಿಮಾನದ ಹೊಟ್ಟೆಯ ವಿಷಯ. ಅಲ್ಲಿ ಕತ್ತಲು, ಚಳಿ, ಉಸಿರು ಕಟ್ಟುತ್ತದೆ ಎಂಬ ಭಯ ಎಲ್ಲರಿಗೂ ಇದೆ. ನಮ್ಮಮ್ಮನಿಗಂತೂ ಕರಿಯ ಮರಗಟ್ಟಿ ಹೋಗುತ್ತಾನೆ ಅಂತಲೇ ಚಿಂತೆ. ಕತ್ತಲು ನಿಜ, ಗದ್ದಲವೂ ನಿಜ. ಆದರೆ ಗಾಳಿಯ ಒತ್ತಡ ಮೇಲೆ ನಾವು ಕೂರುವ ಕಡೆ ಎಷ್ಟಿರುತ್ತದೋ ಕೆಳಗೂ ಅಷ್ಟೇ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು ಸುಮಾರು 8000 ಅಡಿ ಎತ್ತರದ ಗಾಳಿಗೆ ಸಮ. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಸುಮಾರು 6000 ಅಡಿ. ನಮ್ಮ ಮುಳ್ಳಯ್ಯನಗಿರಿ 6300 ಅಡಿ ಚಿಲ್ಲರೆ, ಊಟಿ 7300 ಅಡಿ ಆಸುಪಾಸು. ಒಟ್ಟಿನಲ್ಲಿ ನಾಯಿ ಒಂದು ರಾತ್ರಿ ಮುಳ್ಳಯ್ಯನಗಿರಿಯಲ್ಲೋ ಊಟಿಯಲ್ಲೋ ಮಲಗಿ ಎದ್ದಂತೆ. ಪ್ರಾಣಿಗಳನ್ನು ಬಿಸಿಯೂ ಗಾಳಿಯೂ ಇರುವ ಅಂಕಣದಲ್ಲಿ ಮಾತ್ರ ಇಡುತ್ತಾರೆ. ಯಾವ ಅಂಕಣದಲ್ಲಿ ಯಾವ ಪ್ರಾಣಿ ಇದೆ ಎಂಬ ಚೀಟಿ ಹಾರುವ ಮುಂಚೆ ಕ್ಯಾಪ್ಟನ್ ಕೈ ಸೇರುತ್ತದೆ.

ಹಾಗಾದರೆ ಕ್ಯಾಬಿನ್‌ನಲ್ಲಿ ಪಕ್ಕದಲ್ಲೇ ಇಟ್ಟುಕೊಂಡರೆ ಒಳ್ಳೆಯದಲ್ವಾ? ಒಳನಾಡಿನ ಎರಡು ಗಂಟೆಯ ಪಯಣಕ್ಕೆ ಖಂಡಿತ ಒಳ್ಳೆಯದು. ಆಕಾಶ ಏರ್ 2022ರ ನವೆಂಬರಿನಲ್ಲಿ ಚೀಲ ಸೇರಿ 7 ಕಿಲೋವರೆಗಿನ ಪ್ರಾಣಿಗಳನ್ನು ಕ್ಯಾಬಿನ್‌ಗೆ ಬಿಟ್ಟುಕೊಂಡಾಗ ಬೆಂಗಳೂರಿನ ಬೆಕ್ಕಿನ ಮನೆಯವರೆಲ್ಲ ಖುಷಿಪಟ್ಟರು. ಆದರೆ ಹತ್ತು, ಹದಿನಾರು ಗಂಟೆಯ ಹಾರಾಟದಲ್ಲಿ ಸೀಟಿನ ಕೆಳಗಿನ ಆ ಮೆತ್ತನೆ ಚೀಲದಲ್ಲಿ ಬೆಕ್ಕು ಪೂರ್ತಿ ಎದ್ದು ನಿಲ್ಲುವುದೂ ಕಷ್ಟ. ಮೇಲೆ ಲೈಟು, ಮಗುವಿನ ಅಳು, ಊಟದ ಗಾಡಿಯ ಸದ್ದು. ಕೆಳಗಿನ ಕ್ರೇಟಿನಲ್ಲಿ ಅದು ನಿಲ್ಲಬಹುದು, ತಿರುಗಬಹುದು, ಕತ್ತಲಲ್ಲಿ ಮಲಗಬಹುದು. ಕ್ಯಾಬಿನ್ ನೆಮ್ಮದಿ ಕೊಡುವುದು ಜಾಸ್ತಿ ನಮಗೇ ಅಂತ ನನ್ನ ಅನಿಸಿಕೆ. ಬ್ರಿಟನ್‌ಗೆ ಹೋಗುವವರಿಗೆ ಈ ಪ್ರಶ್ನೆಯೇ ಇಲ್ಲ. ಅಂಗವಿಕಲರ ಸಹಾಯಕ ನಾಯಿಗಳನ್ನು ಬಿಟ್ಟರೆ ಅಲ್ಲಿಗೆ ವಿಮಾನದಲ್ಲಿ ಪ್ರಾಣಿಗಳು ಕಾರ್ಗೋ ಆಗಿಯೇ ಬರಬೇಕು.

ಅಪಾಯ ಇರುವುದು ನೆಲದ ಮೇಲೆ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿಕೊಂಡೇ ಮೈ ತಂಪು ಮಾಡಿಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಗಾಳಿ ಆಡದಿದ್ದರೆ ಅದರ ಉಸಿರಿನ ತೇವವೇ ಒಳಗೆ ತುಂಬುತ್ತದೆ, ಆಮೇಲೆ ಎಷ್ಟು ಏದುಸಿರು ಬಿಟ್ಟರೂ ತಂಪಾಗುವುದಿಲ್ಲ. ಬಿಸಿಲಿನಲ್ಲಿ ಕಾದ ಟಾರ್ಮ್ಯಾಕ್ ಮೇಲೆ ಟ್ರಾಲಿ ಅರ್ಧ ಗಂಟೆ ನಿಂತರೆ ಸಾಕು. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹಿಂದಿನ ಐದು ವರ್ಷದಲ್ಲಿ ಅಲ್ಲಿನ ವಿಮಾನ ಕಂಪನಿಗಳ ಸಾಗಣೆಯಲ್ಲಿ 122 ನಾಯಿಗಳು ಸತ್ತಿದ್ದವು. ಅದರಲ್ಲಿ ಸುಮಾರು ಅರ್ಧ ಚಪ್ಪಟೆ ಮೂಗಿನವು. ಇಂಗ್ಲಿಷ್ ಬುಲ್‌ಡಾಗ್ ಒಂದೇ 25. ಎಷ್ಟೋ ಕಂಪನಿಗಳು ಈಗ ಈ ತಳಿಗಳನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಪಗ್ ತಂದುಕೊಂಡ ಊರು ನಮ್ಮದು. ಆ ಪಗ್‌ಗಳ ಮರಿಮಕ್ಕಳನ್ನು ಸಾಕಿದವರು ಈಗ ವೀಸಾ ಬಂದ ದಿನ ಈ ಸುದ್ದಿ ಕೇಳಿ ಕುಸಿಯುತ್ತಾರೆ.

ಕೆನಡಾದ ಪಶುವೈದ್ಯ ಸಂಶೋಧನಾ ಪತ್ರಿಕೆಯೊಂದರಲ್ಲಿ 2002ರಲ್ಲಿ ಬೀಗಲ್ ನಾಯಿಗಳ ಮೇಲಿನ ಅಧ್ಯಯನವೊಂದು ಬಂದಿತ್ತು. ನಾಯಿಗಳ ಎದೆಬಡಿತ ಜೋರಾಗಿದ್ದದ್ದು ಹತ್ತಿಸುವಾಗ ಮತ್ತು ಇಳಿಸುವಾಗ. ನಿದ್ದೆ ಔಷಧಿ ಕೊಟ್ಟರೂ ಗಾಬರಿ ಕಡಿಮೆಯಾಗಲಿಲ್ಲ. ಈಗ ಐಎಟಿಎ ಕೂಡ ಮಾತ್ರೆ ಕೊಡಬೇಡಿ ಅನ್ನುತ್ತದೆ. ಮಾತ್ರೆ ರಕ್ತದೊತ್ತಡ ಇಳಿಸುತ್ತದೆ, ಮೈಬಿಸಿ ಕಾಯ್ದುಕೊಳ್ಳುವ ಶಕ್ತಿಯನ್ನೂ ಕುಂದಿಸುತ್ತದೆ. ಆದರೂ "ಒಂದು ಮಾತ್ರೆ ಕೊಟ್ಟರೆ ಮಲಗಿಬಿಡುತ್ತೆ" ಎಂಬ ಸಲಹೆ ನಮ್ಮ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ.

ಬೆಂಗಳೂರಿನ ಮಟ್ಟಿಗೆ ಒಂದು ಅನುಕೂಲ ಇದೆ. ದೇವನಹಳ್ಳಿಯಿಂದ ಯುರೋಪಿಗೆ, ಕೊಲ್ಲಿಗೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಏಳುತ್ತವೆ. ಮನುಷ್ಯರಿಗೆ ಅದು ಹಿಂಸೆ, ನಾಯಿಗೆ ವರ. ಆದರೆ ಪ್ರಾಣಿಗಳನ್ನು ಕಾರ್ಗೋ ಕಡೆ ಗಂಟೆಗಟ್ಟಲೆ ಮುಂಚೆ ಒಪ್ಪಿಸಬೇಕು. ಕರಿಯನದು ನಡುರಾತ್ರಿ ಎರಡು ಗಂಟೆಯ ವಿಮಾನ. ನಾವು ಮನೆ ಬಿಟ್ಟದ್ದು ಸಂಜೆ ನಾಲ್ಕಕ್ಕೆ, ಹೆಬ್ಬಾಳದ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿದು. ಏಪ್ರಿಲ್‌ನಲ್ಲಾಗಿದ್ದರೆ ಆ ಹೊತ್ತಿಗೆ ಇನ್ನೂ ರಣಬಿಸಿಲು. ಈ ಊರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ. ಹತ್ತು ಗಂಟೆಯ ಹಾರಾಟ ಅಂತ ನಾವು ಹೇಳುತ್ತೇವೆ. ಕ್ರೇಟಿನ ಬಾಗಿಲು ಮುಚ್ಚಿದ್ದರಿಂದ ತೆರೆಯುವವರೆಗೆ ಎಣಿಸಿದರೆ ಅದು ಇಪ್ಪತ್ತರ ಹತ್ತಿರ ಬರುತ್ತದೆ.

ಇಲ್ಲಿ ನನಗೆ ಗುಲಾಬಿ ನೆನಪಾಗುತ್ತದೆ. ಪ್ರೇಮಿಗಳ ದಿನಕ್ಕೆ ಮುಂಚೆ ಬೆಂಗಳೂರಿನಿಂದ ಗುಲಾಬಿ ರಾಶಿ ರಾಶಿ ಹೊರಗೆ ಹೋಗುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೇಗ ಕೆಡುವ ಸರಕಿಗೆಂದೇ 2016ರಲ್ಲಿ ಕೂಲ್‌ಪೋರ್ಟ್ ಎಂಬ ತಂಪು ಕೇಂದ್ರ ಶುರುವಾಯಿತು. ಹೂವು ತೋಟದಿಂದ ವಿಮಾನದ ಬಾಗಿಲವರೆಗೆ ಎಲ್ಲೂ ಬಿಸಿ ತಾಗಬಾರದು, ಎಲ್ಲಿ ಎಷ್ಟು ನಿಮಿಷ ನಿಂತಿತು ಎಂಬುದಕ್ಕೆ ಲೆಕ್ಕ ಇರಬೇಕು. ಇದನ್ನು ತಂಪಿನ ಸರಪಳಿ ಅನ್ನುತ್ತಾರೆ. ನಾಯಿ, ಬೆಕ್ಕಿಗೂ ಬೇಕಾದ್ದು ಇಂಥ ಸರಪಳಿಯೇ. ಕೊನೆಗೆ ಹತ್ತಿಸಿ, ಮೊದಲು ಇಳಿಸುವುದು. ನೆರಳಿನ ಟ್ರಾಲಿ. ಬಾಗಿಲಿಗೆ ಬಾಗಿಲು ಎದುರಾಗದಂತೆ, ನಾಯಿ ಒಂದು ಕಡೆ ಬೆಕ್ಕು ಇನ್ನೊಂದು ಕಡೆ ಇಡುವ ಜಾಗ. ಕ್ರೇಟಿನ ಮೇಲೆ ಒಂದು ಸಣ್ಣ ತಾಪಮಾನದ ಪಟ್ಟಿ ಅಂಟಿಸಿದರೂ ಸಾಕು. ಮಿತಿ ಮೀರಿದರೆ ಬಣ್ಣ ಬದಲಾಗುವ ಇಂಥ ಪಟ್ಟಿಯನ್ನು ಲಸಿಕೆ ಬಾಟಲಿಗೆ ಅಂಟಿಸುತ್ತಾರೆ. ಎಲ್ಲಿ ತಪ್ಪಾಯಿತು ಅಂತ ಯಾರೂ ವಾದ ಮಾಡಬೇಕಾಗಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ಟಾನ್ಸಾ 2008ರಿಂದ ನಡೆಸುತ್ತಿರುವ ಪ್ರಾಣಿ ಲೌಂಜ್ ಸುಮಾರು 4000 ಚದರ ಮೀಟರಿನದು. ಕುದುರೆಗೆ ಲಾಯ, ನಾಯಿಗೆ ಕೋಣೆ ಎಲ್ಲ ಇದೆ. ಅಷ್ಟು ದೊಡ್ಡದೇ ಬೇಕೆಂದೇನೂ ಇಲ್ಲ.

ಒಂದು ಅಡ್ಡ ಮಾತು. ಔಷಧ, ಲಸಿಕೆ ರಫ್ತಿನಲ್ಲಿ ಡ್ರೈ ಐಸ್ ಬಳಸುತ್ತಾರೆ. ಅದು ಕರಗುವುದಿಲ್ಲ, ನೇರ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ, ಅಂದರೆ ನಾಯಿಯ ಮೂಗಿನ ಮಟ್ಟದಲ್ಲಿ. ಅದಕ್ಕೇ ಪ್ರಾಣಿಯ ಹತ್ತಿರ ಡ್ರೈ ಐಸ್ ಇಡಬಾರದೆಂಬ ನಿಯಮ. ಫಾರ್ಮಾ ಸರಕು ತುಂಬ ಹೋಗುವ ಊರಿನಲ್ಲಿ ಲೋಡಿಂಗ್ ಮಾಡುವ ಹುಡುಗರಿಗೆ ಇದು ಬಾಯಿಪಾಠ ಆಗಿರಬೇಕು.

ನೆಲದ ಗಾಬರಿಗೆ ಮದ್ದು ಅಭ್ಯಾಸ. ಇದಕ್ಕೆ ನಮ್ಮ ಊರಿನಲ್ಲೇ ದೊಡ್ಡ ಉದಾಹರಣೆ ಇದೆ, ಅಕ್ಷರಶಃ ದೊಡ್ಡದು. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಹೋದವು. ಸುರೇಶ, ಗೌರಿ, ಶ್ರುತಿ, ತುಳಸಿ. ಬೋಯಿಂಗ್ 777 ಕಾರ್ಗೋ ವಿಮಾನದಲ್ಲಿ ಒಸಾಕಾಗೆ. ಹೊರಡುವ ಮುಂಚೆ ಸುಮಾರು ಆರು ತಿಂಗಳು ಅವುಗಳಿಗೆ ಪೆಟ್ಟಿಗೆಯ ಒಳಗೆ ಹೋಗುವ, ನಿಲ್ಲುವ ಅಭ್ಯಾಸ ಮಾಡಿಸಿದ್ದರು. ಜೊತೆಗೆ ಮಾವುತರು, ಪಶುವೈದ್ಯರು ಹೋಗಿದ್ದರು. ಆನೆಗೆ ಆರು ತಿಂಗಳು ಕೊಡುವ ನಾವು ನಾಯಿಯನ್ನು ಹಿಂದಿನ ದಿನ ಬಂದ ಹೊಸ ಕ್ರೇಟಿಗೆ ತಳ್ಳಿ ಬಾಗಿಲು ಹಾಕುತ್ತೇವೆ.

ಸಮಯ ಇಲ್ಲ ಅನ್ನುವ ಹಾಗೂ ಇಲ್ಲ. ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಅದಾಗಿ 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳು ಕಾನೂನೇ ನಮ್ಮನ್ನು ಮನೆಯಲ್ಲಿ ಕೂರಿಸುತ್ತದೆ. ಆಸ್ಟ್ರೇಲಿಯಾ ಇನ್ನೂ ಬಿಗಿ, ಭಾರತದಿಂದ ನೇರವಾಗಿ ಬಿಡುವುದೇ ಇಲ್ಲ. ಒಪ್ಪಿಗೆಯಿರುವ ಬೇರೆ ದೇಶದಲ್ಲಿ ಇದ್ದು ಹೋಗಬೇಕು. ಎಲ್ಲರೂ ಈ ಕಾಯುವಿಕೆಯನ್ನು ಬೈಯುತ್ತಾರೆ. ನಾವು ಅದನ್ನೇ ಬಳಸಿಕೊಂಡೆವು.

ಕ್ರೇಟಿನ ಬಾಗಿಲು ಕಳಚಿ ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆವು. ಮೊದಲ ವಾರ ಕರಿಯ ಅದರ ಸುತ್ತ ಸುತ್ತು ಹಾಕಿದ, ಒಂದು ಸಲ ಅದರ ಮೇಲೆ ಕಾಲೆತ್ತಿದ. ಎರಡನೇ ವಾರ ಊಟದ ತಟ್ಟೆ ಬಾಗಿಲ ಹತ್ತಿರ, ಮೂರನೇ ವಾರ ಒಳಗೆ. ಒಂದು ಮಧ್ಯಾಹ್ನ ನೋಡಿದರೆ ತಾನಾಗೇ ಒಳಗೆ ಹೋಗಿ ಅಂಗಾತ ಮಲಗಿದ್ದ. ಆಮೇಲೆ ಬಾಗಿಲು ಜೋಡಿಸಿ ಐದು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ. ಕ್ರೇಟನ್ನು ವಾಷಿಂಗ್ ಮೆಷಿನ್ ಪಕ್ಕಕ್ಕೆ ಸರಿಸಿದ್ದು ತಂಗಿಯ ಮಗಳ ತಲೆ. ಮೆಷಿನ್ ಗಿರಗಿರ ತಿರುಗುವ ಹೊತ್ತಿಗೆ ಒಳಗೆ ರಸ್ಕ್ ಬೀಳುತ್ತಿತ್ತು. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ರಸ್ಕ್ ಬಿಟ್ಟು.

ಈಗ ಪರಿಸರದ ಪ್ರಶ್ನೆ. ವಸ್ತುಗಳ ವಿಷಯದಲ್ಲಿ ನನ್ನ ಆಸೆಗಳು ಒಂದೊಂದಾಗಿ ಮುರಿದವು. ಹಾಸಿಗೆಗೆ ತೆಂಗಿನ ನಾರು ಎಷ್ಟು ಚೆನ್ನ, ಒದ್ದೆ ಹೀರುತ್ತದೆ, ತಿಪಟೂರಿನಲ್ಲಿ ಬೇಕಾದಷ್ಟು ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಹುಲ್ಲು, ಒಣಗರಿಕೆಯ ಹಾಸನ್ನು ಹಲವು ದೇಶಗಳು ಒಳಗೆ ಬಿಡುವುದಿಲ್ಲ. ಹುಳು, ಬೀಜ, ರೋಗ ಬರಬಹುದೆಂಬ ಭಯ. ಸಸ್ಯದ ಯಾವುದೇ ಹಾಸು ಈ ಅನುಮಾನಕ್ಕೆ ಸಿಗುತ್ತದೆ. ಪೇಟೆಯಲ್ಲಿ ಸಿಗುವ ಪ್ಯಾಡ್‌ಗಳೋ, ಒಳಗೆ ಹೀರುವ ಪಾಲಿಮರ್, ಕೆಳಗೆ ಪ್ಲಾಸ್ಟಿಕ್ ಹಾಳೆ. ಕೊನೆಗೆ ಗೆದ್ದದ್ದು ಕೌದಿ. ಹುಬ್ಬಳ್ಳಿಯ ನಮ್ಮ ದೊಡ್ಡಮ್ಮ ಹಳೇ ಸೀರೆ, ಪಂಚೆ ಸೇರಿಸಿ ಹೊಲಿದದ್ದು. ಒಗೆಯಬಹುದು, ಗಟ್ಟಿ, ಅದಕ್ಕಿಂತ ಮುಖ್ಯವಾಗಿ ಮನೆಯ ವಾಸನೆ ಇದೆ. ಒಂದು ಪ್ಯಾಡ್ ಅದರ ಕೆಳಗೆ ಹಾಕಲೇಬೇಕಾಯಿತು.

ಬ್ಯಾಟರಿ ಫ್ಯಾನು, ಕ್ಯಾಮೆರಾ ಇರುವ ಜಾಣ ಕ್ರೇಟುಗಳ ಚಿತ್ರಗಳು ಆಗಾಗ ಓಡಾಡುತ್ತವೆ. ಅವು ನೋಡಲು ಚಂದ. ಆದರೆ ಪವರ್ ಬ್ಯಾಂಕನ್ನೇ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಲು ಬಿಡದ ಲೋಕದಲ್ಲಿ, ನಾಯಿಯ ಡಬ್ಬಿಗೆ ಲಿಥಿಯಂ ಬ್ಯಾಟರಿ ಕಟ್ಟಿ ವಿಮಾನದ ಹೊಟ್ಟೆಗೆ ಕಳಿಸುವುದು ಸುಲಭದ ಮಾತಲ್ಲ. ಕರೆಂಟೇ ಬೇಡದ ಉಪಾಯಗಳು ಹೆಚ್ಚು ದೂರ ಹೋಗುತ್ತವೆ. ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ಕೊಟ್ಟರೆ ಕ್ರೇಟ್ ಎತ್ತಾಡುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನಕ್ಕೆ ಕರಗಿ ಗಂಟೆಗಟ್ಟಲೆ ತಣ್ಣೀರು. ನಾಲ್ಕೂ ಕಡೆ ಜಾಲರಿ. ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ಲೋಹದ ನಟ್ಟು ಬೋಲ್ಟು.

ಇಂಧನದ ಲೆಕ್ಕ ಭಯಪಟ್ಟಷ್ಟು ಇಲ್ಲ. ದೂರದ ಹಾರಾಟದಲ್ಲಿ ಹೆಚ್ಚುವರಿ ತೂಕವನ್ನು ಹೊರಲು ಗಂಟೆಗೆ ಆ ತೂಕದ ಶೇ. 3ರಿಂದ 4ರಷ್ಟು ಇಂಧನ ಉರಿಯುತ್ತದೆ ಎಂಬುದು ರೂಢಿಯ ಅಂದಾಜು. 33 ಕಿಲೋದ ಕರಿಯನ ಡಬ್ಬಿಗೆ ಹತ್ತು ಗಂಟೆಯಲ್ಲಿ ಸುಮಾರು 10ರಿಂದ 13 ಕಿಲೋ ಇಂಧನ. ಒಂದು ಕಿಲೋ ವಿಮಾನದ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ 30ರಿಂದ 40 ಕಿಲೋ. ಹೇಗೂ ಹಾರಲಿದ್ದ ವಿಮಾನಕ್ಕೆ ಅವನು ಸೇರಿಸಿದ್ದು ಅಷ್ಟೇ. ನಾಯಿಗಳಿಗೆಂದೇ ಹಾರುವ ಖಾಸಗಿ ಜೆಟ್‌ಗಳ ಕಥೆ ಬೇರೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಾರ್ಕ್ ಏರ್ ಶುರುವಾಯಿತು. ನ್ಯೂಯಾರ್ಕಿನಿಂದ ಲಂಡನ್‌ಗೆ ಒಂದು ಕಡೆಯ ಟಿಕೆಟ್ ಆಗ 8000 ಡಾಲರ್. ಖಾಸಗಿ ಜೆಟ್‌ಗಳು ತಲೆಗೆ ಸಾಮಾನ್ಯ ವಿಮಾನದ 5ರಿಂದ 14 ಪಟ್ಟು ಹೊಗೆ ಬಿಡುತ್ತವೆ ಎಂದು ಯುರೋಪಿನ ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿತ್ತು. ನಾಯಿಗೆ ಶಾಂಪೇನ್ ಲೋಟದಲ್ಲಿ ಕೋಳಿ ಸಾರು ಕೊಟ್ಟರೆ ಅದಕ್ಕೇನೂ ತಿಳಿಯುವುದಿಲ್ಲ, ಪಾಪ.

ನಿಜವಾಗಿ ದಂಡವಾಗುತ್ತಿರುವುದು ಕ್ರೇಟ್. ಅದು ಗಟ್ಟಿ ಪ್ಲಾಸ್ಟಿಕ್, ವರ್ಷಗಟ್ಟಲೆ ಬಾಳುತ್ತದೆ. ನಾವು ಬಳಸುವುದು ಒಂದು ಸಲ. ಬೆಂಗಳೂರಿನಿಂದ ಹೋದದ್ದು ವಾಪಸ್ ಬರುವುದಿಲ್ಲ. ಬೋಲ್ಟು ಬಿಚ್ಚಿದರೆ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆಯಾಗುತ್ತವೆ, ಇಡ್ಲಿ ತಟ್ಟೆಗಳ ಹಾಗೆ ಒಂದರೊಳಗೆ ಒಂದು ಕೂರುತ್ತವೆ. ಒಂದೇ ಅಳತೆಯ ಹತ್ತು ಕ್ರೇಟುಗಳನ್ನು ಹೀಗೆ ಪೇರಿಸಿದರೆ ವಾಪಸ್ ಸಾಗಣೆ ಅಷ್ಟೇನೂ ದುಬಾರಿಯಲ್ಲ. ಬಾಡಿಗೆಗೆ ಕೊಟ್ಟು, ಆ ಕಡೆಯ ಊರಿನಲ್ಲಿ ವಾಪಸ್ ಪಡೆದು, ತೊಳೆದು, ಬಿರುಕು ಪರೀಕ್ಷಿಸಿ ಮತ್ತೆ ಕಳಿಸುವ ಕ್ರೇಟ್ ಬ್ಯಾಂಕನ್ನು ವಿಮಾನ ನಿಲ್ದಾಣವೋ ದೊಡ್ಡ ಕಾರ್ಗೋ ಕಂಪನಿಯೋ ನಡೆಸಬಹುದು. ಬಿದಿರಿನಿಂದ ಟರ್ಮಿನಲ್ 2 ಸಿಂಗರಿಸಿಕೊಂಡ ನಿಲ್ದಾಣಕ್ಕೆ ಇದು ದೊಡ್ಡ ಮಾತಲ್ಲ. ಬಾಡಿಗೆಯಾದರೆ ಇನ್ನೊಂದು ಲಾಭವೂ ಇದೆ. ಎಲ್ಲ ಸೈಜಿಗೂ ಒಂದೇ ದರ ಇಟ್ಟರೆ ಕಿವಿ ಮಡಚುವ ಆಸೆ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ 6000ದ ಆ ಭಾಗಾಕಾರವನ್ನು ಜೀವಂತ ಪ್ರಾಣಿಗಳ ಮಟ್ಟಿಗೆ ಬದಲಿಸಬೇಕು, ತಕ್ಕಡಿ ತೂಕಕ್ಕೆ ಮಾತ್ರ ದುಡ್ಡು ತಗೊಳ್ಳಬೇಕು.

ಕರಿಯ ಅಲ್ಲಿ ಇಳಿದಾಗ ಕೌದಿ ಒಣಗಿಯೇ ಇತ್ತಂತೆ, ಬಟ್ಟಲಲ್ಲಿ ಒಂದು ಗುಟುಕು ನೀರು. ಹೊರಗೆ ಬಂದವನೇ ಮೊದಲ ಕಂಬಕ್ಕೆ ಒಂದು ನಿಮಿಷ ಕಾಲೆತ್ತಿ ನಿಂತ ಅಂತ ತಂಗಿ ವಿಡಿಯೋ ಕಳಿಸಿದ್ದಳು. ಆ 40 ಇಂಚಿನ ಕ್ರೇಟ್ ಈಗ ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸೈಕಲ್ಲುಗಳ ಹಿಂದೆ ಇದೆ. ಹೋದ ವಾರ ನಮ್ಮ ಬೀದಿಯ ಮೂರನೇ ಮನೆಯವರು ಬಂದಿದ್ದರು. ಮಗಳು ಡಬ್ಲಿನ್‌ಗೆ ಹೋಗುತ್ತಿದ್ದಾಳೆ, ಲ್ಯಾಬ್ರಡಾರ್ ಜೊತೆಗೆ. 40 ಇಂಚಿನ ಕ್ರೇಟ್ ಎಲ್ಲಿ ಸಿಗುತ್ತೆ ಅಂತ ಕೇಳಿದರು.